ನಿಧಾನದ ರೀಲು, ಗಡಸು ರಾಡು

ಮಾರ್ಚ್ 4, ಮಂಗಳವಾರ

ಬೆಳಗಿನ ಪಾಠಕ್ಕೆ ಬ್ಯಾಂಕಿನಾಕೆ. ಕ್ಲಚ್ ಬಿಡು ಎಂದರೆ ಸ್ಟೀರಿಂಗ್ ಬಿಡುತ್ತಾಳೆ. ನನ್ನ ಕಾಲಡಿ ಇನ್ನೊಂದು ಬ್ರೇಕ್ ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಹಾಲಿನಂಗಡಿಯ ಒಳಗೆ ಇರುತ್ತಿದ್ದೆವು. ಡ್ರೈವಿಂಗ್ ಸ್ಕೂಲ್ ನಡೆಸುವವಳಿಗೆ ಮೊದಲು ಬೇಕಾದದ್ದು ಲೈಸೆನ್ಸ್ ಅಲ್ಲ, ಗಟ್ಟಿ ಗುಂಡಿಗೆ.

ಮನೆಗೆ ಬಂದರೆ ನನ್ನ ಗಂಡ ಫೋನ್ ಹಿಡಿದು ಹಾಲ್ ತುಂಬ ಓಡಾಟ. ಮಗಳಿಗೆ ಗಂಡು ಹುಡುಕುವಾಗಲೂ ಇವರು ಇಷ್ಟು ಫೋನ್ ಮಾಡಿರಲಿಲ್ಲ. ವಿಷಯ ಇಷ್ಟೇ. ಇವರದ್ದು ಬಾಸ್ ಅನ್ನುವ ಕೆರೆಮೀನಿಗೆ ಗಾಳ ಹಾಕುವವರ ಕ್ಲಬ್ಬು. ಅಲ್ಲಿ ಸ್ಪರ್ಧೆ ಅಂದರೆ ದೋಣಿಗೆ ಇಬ್ಬರು. ಇವರ ಹಳೆಯ ಜೊತೆಗಾರ ವರ್ಗವಾಗಿ ಊರು ಬಿಟ್ಟ. ಏಪ್ರಿಲ್‌ನಲ್ಲಿ ಒಂದು ಸ್ಪರ್ಧೆ, ಮೇ ತಿಂಗಳಲ್ಲಿ ದೊಡ್ಡದು. ಹಲ್ಲಿನ ಡಾಕ್ಟರನ್ನು ಕೇಳಿದರು. ಪ್ಲಂಬರನ್ನು ಕೇಳಿದರು. ಕೆಳಗಿನ ಮನೆಯವನನ್ನೂ ಕೇಳಿದರು — ಬಕೆಟ್ಟಿನ ನೀರು ಕಂಡರೂ ಹೆದರುವ ಮನುಷ್ಯ ಅವನು! ಕೊನೆಗೆ ಮೂಲೆಯ ಕ್ಷೌರದಂಗಡಿಯವ ಒಪ್ಪಿದ. ಅವನ ಹೆಸರು ಯಾರಿಗೂ ಬೇಡ, ಎಲ್ಲರಿಗೂ ಕತ್ತರಿ.

ನಾನು ಅಲ್ಲೇ ಇದ್ದೆ. ಸೋಫಾದ ಮೇಲೆ, ಬಟ್ಟೆ ಮಡಿಸುತ್ತ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಹಾಗೆ. ಈಜು ಬರುತ್ತದೆ. ಹೋದ ವರ್ಷ ದೋಣಿಯ ಮೋಟಾರ್ ಮುನಿಸಿಕೊಂಡಾಗ ಪ್ಲಗ್ ಬಿಚ್ಚಿ ಒರೆಸಿ ಕೊಟ್ಟವಳು ನಾನೇ. ಕೇಳಬಹುದಿತ್ತು. ‘ನೀನು ಬರ್ತೀಯಾ?’ ಎರಡೇ ಪದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಇವರ ಬಾಯಿಗೆ ಬಂದಿಲ್ಲ.

ನಾನಾಗಿ ಕೇಳುವವಳಲ್ಲ. ಅದು ಇವರ ಬಾಯಿಂದಲೇ ಬರಬೇಕು. ಬರುವಂತೆ ಮಾಡುತ್ತೇನೆ.

ಮಾರ್ಚ್ 6, ಗುರುವಾರ

ಮಧ್ಯಾಹ್ನದ ಪಾಠ ರದ್ದು. ಕಾರು ತಾನಾಗಿ ಗಾಳದ ಸಾಮಾನಿನ ಅಂಗಡಿ ಮುಂದೆ ನಿಂತಿತು ಅಂತ ಬರೆದರೆ ಸುಳ್ಳು. ನಾನೇ ನಿಲ್ಲಿಸಿದೆ.

ಅಂಗಡಿ ನಡೆಸುವವಳು ನನಗಿಂತ ಚಿಕ್ಕವಳು, ಆದರೂ ಬೀದಿಗೆಲ್ಲ ಗಾಳದಕ್ಕ. ಗೋಡೆಯುದ್ದಕ್ಕೂ ರಾಡ್‌ಗಳು, ಅಂದರೆ ಗಾಳದ ಕೋಲುಗಳು ನಿಂತಿವೆ, ಗಾಜಿನ ಪೆಟ್ಟಿಗೆಯಲ್ಲಿ ದಾರ ಸುತ್ತುವ ರೀಲ್‌ಗಳು ಕೂತಿವೆ.

“ಯಾರಿಗೆ ಆಂಟಿ? ಅಂಕಲ್‌ಗಾ?”

“ನನಗೆ.”

ಹುಬ್ಬು ಮೇಲೆ ಹೋಯಿತು, ಆದರೆ ನಗಲಿಲ್ಲ. ಅದಕ್ಕೇ ಇಷ್ಟವಾದಳು.

ರೀಲ್‌ಗಳಲ್ಲಿ ಎರಡು ಬಗೆಯಂತೆ. ರಾಡಿನ ಹೊಟ್ಟೆಯಡಿ ನೇತಾಡುವುದು ಒಂದು, ಬೆನ್ನ ಮೇಲೆ ಸವಾರಿ ಮಾಡುವುದು ಇನ್ನೊಂದು. ನೇತಾಡುವುದು ಕಲಿಯುವವರಿಗೆ ಸುಲಭ. ಸವಾರಿಯದಕ್ಕೆ ಹೆಬ್ಬೆರಳಿನಲ್ಲೇ ಬ್ರೇಕ್ ಹಿಡಿಯಬೇಕು, ಮರೆತರೆ ದಾರವೆಲ್ಲ ಹಕ್ಕಿಗೂಡು. ಮನೆಯಲ್ಲಿ ಇವರ ಹತ್ತಿರ ಇರುವುದೆಲ್ಲ ಸವಾರಿಯವು. ನನಗೂ ಅದೇ ಬೇಕು ಅಂದೆ.

“ಹಠಾನಾ ಆಂಟಿ?”

“ಹೂಂ. ಹಠಾನೇ.”

ಆಮೇಲೆ ರಾಡ್. ಗಡಸು ರಾಡ್ ತುದಿಯಲ್ಲಿ ಮಾತ್ರ ಬಾಗುತ್ತದೆ. ಜೊಂಡಿನ ನಡುವೆ ರಬ್ಬರ್ ಹುಳು ಇಳಿಸಿ, ಕಚ್ಚಿದ ಮೀನನ್ನು ಎಳೆದು ತೆಗೆಯಲು ಅದು. ಮೆದು ರಾಡ್ ನಡುವಿನವರೆಗೂ ಬಾಗುತ್ತದೆ. ಬಣ್ಣ ಬಳಿದ ಮರದ ಮೀನನ್ನು ನೀರೊಳಗೆ ಎಳೆದುಕೊಂಡು ಬಂದು, ನಿಜವಾದ ಮೀನಿಗೆ ಆಸೆ ಹುಟ್ಟಿಸಲು ಇದು. ಎರಡಕ್ಕೂ ಬೇರೆ ಬೇರೆ ರೀಲ್. ಇಲ್ಲಿಗೆ ಬಂದು ಗಾಳದಕ್ಕ ತಲೆ ಕೆರೆದುಕೊಂಡಳು. “ಈ ಗೇರ್ ಲೆಕ್ಕ ನಿಮಗೆ ಹೇಗೆ ಹೇಳ್ಲಿ...”

ಗೇರ್! ನನಗೆ!

ಹಿಡಿ ಒಂದು ಸುತ್ತು ತಿರುಗಿಸಿದರೆ ಒಳಗಿನ ಉರುಳೆ ಐದು ಸುತ್ತು — ಅದು ನಿಧಾನದ ರೀಲ್. ಎಂಟು ಸುತ್ತು ಬಂದರೆ ಓಟದ ರೀಲ್. ಅಂದರೆ ಫಸ್ಟ್ ಗೇರ್, ಟಾಪ್ ಗೇರ್, ಅಷ್ಟೇ ತಾನೆ? ಮರದ ಮೀನು ನೀರನ್ನು ತಳ್ಳಿಕೊಂಡು ಬರಬೇಕು, ಹಾಗಾಗಿ ಮೆದು ರಾಡಿಗೆ ಫಸ್ಟ್. ಹುಳು ಕಚ್ಚಿದ ಮೀನು ಒಮ್ಮೊಮ್ಮೆ ದೋಣಿಯ ಕಡೆಗೇ ನುಗ್ಗುತ್ತದೆ, ಆಗ ಸಡಿಲಾದ ದಾರವನ್ನು ಗಬಗಬ ಎಳೆದುಕೊಳ್ಳಬೇಕು, ಹಾಗಾಗಿ ಗಡಸು ರಾಡಿಗೆ ಟಾಪ್. ದಾರ ಸಡಿಲವಾಯಿತೋ, ಮೀನು ತಲೆ ಕೊಡವಿ ಗಾಳ ಉಗುಳಿ ಹೋಗುತ್ತದೆ.

ಗಾಳದಕ್ಕ ನನ್ನನ್ನೇ ನೋಡಿದಳು. “ಅಂಕಲ್ ಜೊತೆ ಬರೋ ಗಂಡಸರಿಗೆ ಇದು ತಿಂಗಳಾದ್ರೂ ಅರ್ಥ ಆಗಲ್ಲ.”

“ಅದಲುಬದಲು ಮಾಡಿದ್ರೆ ಏನಾಗುತ್ತೆ?”

“ಎತ್ತು ಏರಿಗೆ, ಕೋಣ ನೀರಿಗೆ. ಮೀನು ತನ್ನ ಮನೆಗೆ.”

ಒಂದು ರಾಡ್, ಒಂದು ರೀಲ್ ಕೈಗೆ ಕೊಟ್ಟು ಕಲಿಯುವ ತನಕ ಇಟ್ಟುಕೊಳ್ಳಿ ಅಂದಳು. ಪರದೆಯ ಹಿಂದೆ ನಿಲ್ಲಿಸಿದ್ದೇನೆ. ಮನೆಯ ಪರದೆ ಎಂದೂ ಇವರ ಕಣ್ಣಿಗೆ ಬಿದ್ದಿಲ್ಲ.

ಮಾರ್ಚ್ 9, ಭಾನುವಾರ

ಇವರು, ಕತ್ತರಿ — ಕೆರೆಗೆ. ನಾನು — ಡ್ರೈವಿಂಗ್ ಸ್ಕೂಲಿನ ಮೈದಾನಕ್ಕೆ.

ದಾರದ ತುದಿಗೆ ಸೀಸದ ಗುಂಡು ಕಟ್ಟಿ, ರಿವರ್ಸ್ ಕಲಿಸುವ ಕಿತ್ತಳೆ ಬಣ್ಣದ ಕೋನ್‌ಗಳನ್ನು ಸಾಲಾಗಿಟ್ಟು ಎಸೆದೆ. ಮೊದಲನೆಯದು ಹಿಂದಕ್ಕೆ ಹೋಯಿತು. ಎರಡನೆಯದು ಹೋಗಲೇ ಇಲ್ಲ. ಮೂರನೆಯದು ಚೆನ್ನಾಗಿ ಹೋಗುತ್ತಿತ್ತು, ಖುಷಿಯಲ್ಲಿ ಹೆಬ್ಬೆರಳು ಮರೆತೆ — ಹಕ್ಕಿಗೂಡು. ಮೊಟ್ಟೆಯಿಡುವುದೊಂದು ಬಾಕಿ. ಕಾರಿನ ಬಾನೆಟ್ ಮೇಲೆ ಕೂತು ಸಿಕ್ಕು ಬಿಡಿಸುವುದರಲ್ಲೇ ಬಿಸಿಲು ನೆತ್ತಿಗೆ ಬಂತು. ನನ್ನ ಶಿಷ್ಯೆಯರಿಗೆ ಇನ್ನು ಮೇಲೆ ಸ್ವಲ್ಪ ಕಡಿಮೆ ಬೈಯಬೇಕು.

ಮಾರ್ಚ್ 22, ಶನಿವಾರ

ಹೆಬ್ಬೆರಳಿಗೆ ಪಟ್ಟಿ. ಇವರು ಊಟಕ್ಕೆ ಕೂತಾಗ ನೋಡಿದರು. “ತರಕಾರಿ ಹೆಚ್ಚುವಾಗ ನೋಡ್ಕೊಂಡು ಹೆಚ್ಚಬಾರದಾ?” ಅಂದರು. ನೋಡಿಕೊಂಡೇ ಎಸೆದೆ ಮಹಾರಾಯರೇ, ಕೊನೆಯ ಕೋನ್ ಮಗುಚಿ ಬಿತ್ತು.

ಗಾಳದಕ್ಕ ಇನ್ನೊಂದು ಪಾಠ ಹೇಳಿಕೊಟ್ಟಳು. ಬರೀ ರಾಡ್ ಹಿಡಿದು ಆಹಾ ಅನ್ನಬಾರದು, ಬರೀ ರೀಲ್ ಹಿಡಿದೂ ಅನ್ನಬಾರದು. ಎರಡನ್ನೂ ಜೋಡಿಸಿ, ರೀಲಿನ ಮುಂದೆ ಒಂದೇ ಬೆರಳ ಮೇಲೆ ಇಟ್ಟು ನೋಡಬೇಕು. ಮೂತಿ ಕೆಳಗೆ ಬಿದ್ದರೆ ದಿನವೆಲ್ಲ ಎಸೆಯುವಷ್ಟರಲ್ಲಿ ಮಣಿಕಟ್ಟು ಹೋಗುತ್ತದೆ. ಅಂಗಡಿಯ ರಾಡ್‌ಗಳನ್ನೆಲ್ಲ ಬೆರಳ ಮೇಲೆ ತೂಗಿ ನೋಡಿದೆವು. ಭಾರೀ ಚಂದದ ಕೆಂಪು ರಾಡೊಂದು ಯಾವ ರೀಲಿಗೂ ಒಗ್ಗಲಿಲ್ಲ. ನಮ್ಮ ಚಿಕ್ಕತ್ತೆಯ ಹಾಗೆ.

ಏಪ್ರಿಲ್ 5, ಶನಿವಾರ

ನಾಳೆ ಸ್ಪರ್ಧೆ. ಇವರು ಎರಡು ರಾಡ್‌ಗಳಿಗೆ ರೀಲ್ ಬಿಗಿದು ಬಾಗಿಲ ಹಿಂದೆ ನಿಲ್ಲಿಸಿದ್ದರು. ದಾರ ಪೋಣಿಸುವುದು ಕೆರೆಯ ಹತ್ತಿರ. “ಅವುಗಳ ತಂಟೆಗೆ ಹೋಗ್ಬೇಡ ಕಣೇ, ಧೂಳು ಸಹ ನಾನೇ ಒರೆಸ್ತೀನಿ” ಅಂತ ಅಪ್ಪಣೆ ಕೊಟ್ಟು ತಮ್ಮ ಕೆಲಸದ ಪ್ರಿಂಟಿಂಗ್ ಪ್ರೆಸ್ಸಿಗೆ ಹೋದರು. ನಾನು ತಂಟೆಗೆ ಹೋದೆ.

ಗಡಸು ಒಂದು, ಮೆದು ಒಂದು. ರೀಲ್‌ಗಳು ಎರಡೂ ಕಪ್ಪು, ಒಂದೇ ಕಂಪನಿ, ಅವಳಿ ಮಕ್ಕಳು. ಸುತ್ತಿದ ದಾರವೂ ಒಂದೇ. ಯಾವುದು ಓಟದ್ದು, ಯಾವುದು ನಿಧಾನದ್ದು ಅಂತ ಪಕ್ಕದಲ್ಲಿ ಇರುವೆ ಗಾತ್ರದ ಅಂಕಿ. ಬಿಚ್ಚಿದೆ. ಒಂದೊಂದನ್ನೂ ಗಾಳದಕ್ಕನ ರಾಡಿಗೆ ಹಾಕಿ ಬೆರಳ ಮೇಲೆ ಇಟ್ಟು ನೋಡಿದೆ. ಎಂಥ ನಯ! ತಿರುಗಿಸಿದರೆ ಸದ್ದೇ ಇಲ್ಲ. ಇಷ್ಟು ಒಳ್ಳೆಯದನ್ನು ಇಟ್ಟುಕೊಂಡು ಇವರು ಒಬ್ಬರೇ ಸುಖಪಡುತ್ತಿದ್ದರಲ್ಲ!

ಅಷ್ಟರಲ್ಲಿ ಬೆಲ್. ರಾಡ್‌ಗಳನ್ನು ದೋಣಿಗೆ ಹಾಕಲು ಕತ್ತರಿ ಹೇಳಿದ್ದಕ್ಕಿಂತ ಮೊದಲೇ ಬಂದುಬಿಟ್ಟಿದ್ದ. ಕನ್ನಡಕ ಫ್ರಿಜ್ ಮೇಲೆ. ಕೈಗೆ ಸಿಕ್ಕ ರೀಲನ್ನು ಸಿಕ್ಕ ರಾಡಿಗೆ ಬಿಗಿದೆ, ನನ್ನದನ್ನು ಪರದೆಯ ಹಿಂದೆ ತಳ್ಳಿದೆ, ಸೆರಗಿನಿಂದ ಬೆವರೊರೆಸಿಕೊಂಡು ಬಾಗಿಲು ತೆಗೆದೆ.

“ಏನಕ್ಕ, ಇಷ್ಟು ಬೆವರ್ತಿದೀರಿ?”

“ಮನೆ ಒರೆಸ್ತಿದ್ದೆ.”

ನೆಲ ನೋಡಿದ. ಒಣಗಿತ್ತು. ಪಾಪ, ರಾಡ್ ಎತ್ತಿಕೊಂಡು ಹೋದ.

ಏಪ್ರಿಲ್ 6, ಭಾನುವಾರ, ಸಂಜೆ

ಇವರು ಇಂಗು ತಿಂದ ಮಂಗನ ಹಾಗೆ ಮನೆಗೆ ಬಂದರು. ಕೈಕಾಲು ತೊಳೆಯುವ ಮೊದಲೇ ಶುರು.

ದೊಡ್ಡ ಮೀನು. ಕ್ಲಬ್ಬಿನಲ್ಲಿ ಈ ವರ್ಷ ಯಾರೂ ಕಾಣದಷ್ಟು ದೊಡ್ಡದು. ಜೊಂಡಿನ ಪಕ್ಕ ಹುಳು ಇಳಿಸಿದ ಕೂಡಲೇ ಕಚ್ಚಿತು. ಕಚ್ಚಿ, ಸೀದಾ ದೋಣಿಯ ಕಡೆಗೇ ಓಡಿಬಂತು. ದಾರ ಸಡಿಲ. ಒಂದು ಸಲ ನೀರಿನ ಮೇಲೆ ಹಾರಿ ತಲೆ ಕೊಡವಿ — ಹೋಯಿತು.

“ಮೀನೆತ್ತೋ ಬಲೆ ಎಲ್ಲಿ ಅಂತ ಕೂಗ್ತಾ ಇದೀನಿ, ಆ ಕತ್ತರಿ ಬಲೆ ಮೇಲೇ ಕಾಲಿಟ್ಕೊಂಡು ನಿಂತಿದಾನೆ!”

“ಅವನೇನಂದ?”

“ಮೀನು ಬಲೆ ಹತ್ರ ಬಂದ್ರೆ ತಾನೆ ಅಂದ. ಎಲ್ಲರೆದುರು! ನಾನೂ ಎಲ್ಲರೆದುರೇ ಹೇಳ್ದೆ, ನಿನ್ನ ಕೈಗೆ ಬಾಚಣಿಗೆಯೇ ಸರಿ ಅಂತ.”

ಕತ್ತರಿ ಬಲೆಯನ್ನು ದಡಕ್ಕೆ ಎಸೆದು, ನಿಮ್ಮ ದೋಣಿ ನೀವೇ ಇಟ್ಕೊಳ್ಳಿ ಎಂದು ನಡೆದುಕೊಂಡೇ ಮನೆಗೆ ಹೋದನಂತೆ.

ಪಾಪ ಅನ್ನಿಸಿತು. ನಿಜವಾಗಿಯೂ. ಆದರೆ ಸುಳ್ಳು ಯಾಕೆ ಬರೆಯಲಿ — ಪಾತ್ರೆ ತೊಳೆಯುತ್ತ ನನ್ನಷ್ಟಕ್ಕೇ ಹಾಡಿಕೊಂಡೆ. ಸೀಟು ಖಾಲಿ!

ಏಪ್ರಿಲ್ 8, ಮಂಗಳವಾರ

ಬೆಳಿಗ್ಗೆ ಇವರು ಬಾಲ್ಕನಿಯಲ್ಲಿ ಕೂತು ಬಲಗೈ ಮಣಿಕಟ್ಟಿಗೆ ನೋವಿನ ಮುಲಾಮು ತಿಕ್ಕಿಕೊಳ್ಳುತ್ತಿದ್ದರು. ನೋವಾ ಅಂದೆ. ಇಲ್ಲ ಅಂದರು. ಮತ್ತೆ ಯಾಕೆ?

“ಬಲೆಯದ್ದು ಸುಮ್ನೆ ಹೇಳ್ದೆ ಕಣೇ. ಕತ್ತರಿ ತಪ್ಪಲ್ಲ ಅದು. ಎಷ್ಟು ತಿರುಗಿಸಿದ್ರೂ ದಾರ ಬರ್ತಾನೇ ಇರ್ಲಿಲ್ಲ. ಮೊದಲಾದ್ರೆ ಹಾಗೆ ಓಡಿಬರೋ ಮೀನನ್ನ ಎಷ್ಟು ಹಿಡಿದಿಲ್ಲ? ಕೈ ಸೋತಿದೆ. ಇನ್ನು ಸ್ಪರ್ಧೆ ಗಿರ್ಧೆ ಸಾಕು.”

ಅಷ್ಟು ಮೆತ್ತಗೆ ಇವರು ಮಾತಾಡಿದ್ದೇ ನನಗೆ ನೆನಪಿಲ್ಲ. ಕೈಯನ್ನು ಇನ್ಯಾರದೋ ವಸ್ತುವಿನಂತೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ಎಷ್ಟು ತಿರುಗಿಸಿದರೂ ದಾರ ಬರಲಿಲ್ಲ...

ಇವರು ಕೆಲಸಕ್ಕೆ ಹೊರಟ ಮೇಲೆ ಕನ್ನಡಕ ಹಾಕಿಕೊಂಡು ಬಾಗಿಲ ಹಿಂದೆ ಹೋದೆ. ಗಡಸು ರಾಡ್. ಅದರ ಬೆನ್ನ ಮೇಲೆ ರೀಲ್. ಪಕ್ಕದಲ್ಲಿ ಇರುವೆ ಗಾತ್ರದ ಅಂಕಿ. ಐದು.

ನಿಧಾನದ್ದು. ನಾನೇ ಹಾಕಿದ್ದು.

ಹತ್ತು ಗಂಟೆಯ ಪಾಠದಲ್ಲಿ ಬ್ಯಾಂಕಿನಾಕೆ ಸರಿಯಾಗಿಯೇ ಓಡಿಸಿದಳು. ಬ್ರೇಕ್ ಒತ್ತಿದವಳು ನಾನು, ರಸ್ತೆ ಮಧ್ಯೆ, ಯಾವ ಕಾರಣವೂ ಇಲ್ಲದೆ.

ಏಪ್ರಿಲ್ 9, ಬುಧವಾರ

ಹೇಳಲಿಲ್ಲ.

ಏಪ್ರಿಲ್ 11, ಶುಕ್ರವಾರ

ಇವತ್ತೂ ಇಲ್ಲ. ಸಂಜೆ ಇವರು “ಯಾರೋ...” ಅಂತ ಬಾಯಿ ತೆರೆದರು, ನಾನು ಕೈಲಿದ್ದ ತಟ್ಟೆ ಬೀಳಿಸಿದೆ. “ಯಾರೋ ಚಪ್ಪಲಿ ಬಾಗಿಲಲ್ಲೇ ಬಿಟ್ಟಿದಾರೆ” ಅನ್ನುವುದಿತ್ತಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಜಾತಿ ನನ್ನದು.

ಇವರು ಕತ್ತರಿಯ ಅಂಗಡಿಗೆ ಹೋಗುವಂತಿಲ್ಲ, ಬೇರೆಯವನ ಹತ್ತಿರ ಹೋಗಲು ಮನಸ್ಸಿಲ್ಲ. ಇವರ ಗಡ್ಡ ಮುಳ್ಳಿನ ಪೊದೆಯಾಗಿದೆ. ನೋಡಿದಾಗೆಲ್ಲ ನನಗೇ ಚುಚ್ಚುತ್ತದೆ.

ಏಪ್ರಿಲ್ 13, ಭಾನುವಾರ

ಕೇಳಿದರು.

ಮಧ್ಯಾಹ್ನ ಮಲಗಿ ಎದ್ದು, ಕಿಟಕಿಯ ಕಡೆ ನೋಡುತ್ತ — “ಮುಂದಿನ ವಾರ ನೀನು ಬರ್ತೀಯಾ ದೋಣಿಗೆ? ಮೀನು ಹಿಡಿಯೋಕೇನಲ್ಲ. ಸುಮ್ನೆ ಒಂದು ಸುತ್ತು ಹೋಗಿ, ಗಾಳಿ ತಗೊಂಡು ಬರೋಣ. ಆಮೇಲೆ ದೋಣಿ ಮಾರಿಬಿಡ್ತೀನಿ.”

ಎಷ್ಟು ವರ್ಷ ಕಾದ ಮಾತು! ಇದೇ ಮಾತು! ಆದರೆ ಸೋತವರು ಮೂಲೆಗೆ ಸರಿದು ಪಕ್ಕದಲ್ಲಿ ಜಾಗ ಬಿಟ್ಟ ಹಾಗಿತ್ತು. ಅದೂ ಸೋತದ್ದು ನನ್ನಿಂದ. ಅಳು ಬಂತು. ಈರುಳ್ಳಿ ಇರಲಿಲ್ಲ, ನೆಪಕ್ಕೆ ಹೋಗಿ ಒಂದು ತಂದು ಹೆಚ್ಚಿದೆ.

ಇಂಥ ಸೀಟು ನನಗೆ ಬೇಡ. ನಾಳೆ ಹೇಳುತ್ತೇನೆ. ಬಾಯಲ್ಲಿ ಹೇಳಿದರೆ ನಂಬುವುದಿಲ್ಲ, ಸಮಾಧಾನಕ್ಕೆ ಕಟ್ಟಿದ ಕಥೆ ಅನ್ನುತ್ತಾರೆ. ತೋರಿಸಬೇಕು.

ಏಪ್ರಿಲ್ 14, ಸೋಮವಾರ

ಬರೆದು ಮಲಗಬೇಕು, ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರಲಿಕ್ಕಿಲ್ಲ.

ಸಂಜೆ ಇವರು ಬಂದಾಗ ಗಡಸು ರಾಡನ್ನು ಕೈಗೆ ಕೊಟ್ಟು ಕಾರಿಡಾರಿಗೆ ಕರೆದೊಯ್ದೆ. ನಮ್ಮ ಮಹಡಿಯ ಕಾರಿಡಾರ್ ಉದ್ದ, ಕೊನೆಯ ಬಾಗಿಲು ನಮ್ಮದು. ದಾರದ ತುದಿಯನ್ನು ನನ್ನ ಸೊಂಟಕ್ಕೆ ಕಟ್ಟಿಕೊಂಡೆ.

“ಏನೇ ಇದು?”

“ನಾನು ಮೀನು. ನೀವು ಹಿಡೀರಿ.”

“ತಲೆ ಕೆಟ್ಟಿದೆಯಾ ನಿನಗೆ?”

“ಹೂಂ. ದಾರ ಸಡಿಲ ಬಿಡಬೇಡಿ ಅಷ್ಟೇ.”

ಲಿಫ್ಟಿನವರೆಗೆ ಹೋಗಿ ತಿರುಗಿ ಓಡಿದೆ. ಇವರು ತಿರುಗಿಸಿದರು, ಹಲ್ಲು ಕಚ್ಚಿ ತಿರುಗಿಸಿದರು. ದಾರ ನನ್ನ ಕಾಲಿಗೆ ತೊಡರಿಕೊಳ್ಳುವಷ್ಟು ಸಡಿಲ. ಇವರ ಮುಖ ಬಾಡಿತು. “ನೋಡಿದ್ಯಾ? ನಾನು ಹೇಳ್ಲಿಲ್ವಾ?” ಅಂದರು.

ರೀಲ್ ಬಿಚ್ಚಿದೆ. ಮೆದು ರಾಡಿನ ಮೇಲಿದ್ದ ಅದರ ಅವಳಿಯನ್ನು ತಂದು ಹಾಕಿದೆ. ದಾರ ಪೋಣಿಸಿ ಮತ್ತೆ ಸೊಂಟಕ್ಕೆ. ಮತ್ತೆ ಲಿಫ್ಟ್. ಈ ಸಲ ಇನ್ನೂ ಜೋರಾಗಿ ಓಡಿದೆ. ನಿಜವಾದ ಬಾಸ್ ಕೂಡ ಅಷ್ಟು ಜೀವ ಬಿಟ್ಟು ಓಡಿರಲಾರದು. ದಾರ ಒಂದು ಚೂರೂ ಸಡಿಲವಾಗಲಿಲ್ಲ! ಬಿಗಿಯಾಗಿ ಎಳೆದುಕೊಂಡು ಬಂದರು, ನಾನು ನಿಲ್ಲಲಾರದೆ ಹೋಗಿ ಚಪ್ಪಲಿ ಸ್ಟ್ಯಾಂಡಿಗೆ ಡಿಕ್ಕಿ. ಬಕೆಟ್ಟಿಗೆ ಹೆದರುವ ಕೆಳಗಿನ ಮನೆಯವ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ. ಅವನು ಇನ್ನು ನಮ್ಮ ಮನೆಗೂ ಹೆದರುತ್ತಾನೆ.

“ಕೈ ಸೋತಿದ್ಯಾ?” ಅಂದೆ, ಏದುಸಿರು ಬಿಡುತ್ತ.

ಇವರು ಕೈ ನೋಡಿಕೊಂಡರು. ರೀಲ್ ನೋಡಿದರು. ಕನ್ನಡಕ ಹಣೆಗೇರಿಸಿ ಅಂಕಿ ಓದಿದರು. ಇನ್ನೊಂದರ ಅಂಕಿಯನ್ನೂ ಓದಿದರು.

“ಇದು ಅದರಲ್ಲಿ ಹೇಗೆ ಬಂತು?”

“ನಾನೇ. ಬಿಚ್ಚಿ ನೋಡ್ತಿದ್ದೆ. ಹಾಕುವಾಗ ತಪ್ಪಾಯ್ತು.”

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೇ ಚೆನ್ನಾಗಿತ್ತು. “ಆ ಕತ್ತರಿಗೆ ಎಲ್ಲರೆದುರು ಅಂದೆನಲ್ಲೇ...” ಅಂದು, ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದರು.

ಏಪ್ರಿಲ್ 15, ಮಂಗಳವಾರ

ತಪ್ಪೊಪ್ಪಿಕೊಳ್ಳಲು ನಾನೂ ಕತ್ತರಿಯ ಅಂಗಡಿಗೆ ಹೋದೆ. ಅವನಾಗಲೇ ನಗುತ್ತಿದ್ದ.

“ನಿನ್ನೆ ಬಂದು ಸೀದಾ ಕುರ್ಚಿ ಮೇಲೆ ಕೂತ್ರು ಅಕ್ಕ. ನಾನು ನೊರೆ ಹಚ್ಚಿದೆ. ಕತ್ತಿ ಗಂಟಲ ಹತ್ರ ಇಟ್ಟಾಗ ‘ತಪ್ಪಾಯ್ತಪ್ಪ’ ಅಂದ್ರು. ಆಗ ಹೇಳೋದಾ? ಸ್ವಲ್ಪದರಲ್ಲಿ ಉಳ್ಕೊಂಡ್ರು!”

ಕ್ಲಬ್ಬಿನಲ್ಲೂ ಎಲ್ಲರೆದುರು ಹೇಳುತ್ತಾರಂತೆ. ಮೇ ಸ್ಪರ್ಧೆಗೆ ಮತ್ತೆ ಇಬ್ಬರೂ ಒಂದೇ ದೋಣಿ. ಸೀಟು ಭರ್ತಿ. ಮಾಡಿದ್ದುಣ್ಣೋ ಮಹಾರಾಯ... ಅಲ್ಲ, ಮಹಾರಾಯಿತಿ.

ರಾತ್ರಿ ಊಟಕ್ಕೆ ಕೂತಾಗ ಇವರ ಮೊದಲ ಮಾತು: “ಈ ಗೇರ್ ವಿಷಯ ನಿನಗೆ ಯಾರು ಹೇಳಿದ್ದು?”

ಎಲ್ಲ ಹೇಳಿದೆ. ಅಂಗಡಿ, ಕೋನ್, ಹೆಬ್ಬೆರಳು, ಪರದೆ. ಇವರು ಪರದೆ ಸರಿಸಿ ನೋಡಿ ಬಂದರು. ಆಮೇಲೆ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು.

“ನೀನಾ? ಬಾಸ್ ಹಿಡಿಯೋಕಾ?”

ತಪ್ಪು ನನ್ನದು, ಒಪ್ಪಿದೆ. ಈ ನಗು ಮಾತ್ರ ಇವರದ್ದು.

ಏಪ್ರಿಲ್ 16, ಬುಧವಾರ

ಅಂಗಡಿಗೆ ಹೋಗಿ ನೇರವಾಗಿ ಕೇಳಿದೆ: “ಗಾಳದಕ್ಕ, ಮೇ ಸ್ಪರ್ಧೆಗೆ ನಿನಗೆ ಜೊತೆಗಾರ್ತಿ ಬೇಕಾ?”

“ನೀವು ಕೇಳೋದನ್ನೇ ಕಾಯ್ತಿದ್ದೆ ಆಂಟಿ. ಇಷ್ಟು ವರ್ಷ ಎಲ್ಲರ ರಾಡಿಗೂ ರೀಲ್ ಹುಡುಕಿ ಕೊಟ್ಟೆ. ನನ್ನನ್ನ ದೋಣಿಗೆ ಕರೆದವರು ಒಬ್ಬರೂ ಇಲ್ಲ.”

ಆಹಾ. ನಾನೊಬ್ಬಳೇ ಅಂದುಕೊಂಡಿದ್ದೆ.

ಮೇ 4, ಭಾನುವಾರ

ಎರಡು ವಾರಕ್ಕೂ ಮೇಲೆ ಬರೆದಿಲ್ಲ. ಕೈ ಬಿಡುವಿರಲಿಲ್ಲ. ಗಾಳದಕ್ಕನ ಹಳೇ ದೋಣಿಗೆ ಬಣ್ಣ, ಮೋಟಾರಿಗೆ ಹೊಸ ಪ್ಲಗ್. ನನಗೆಂದೇ ಒಂದು ರಾಡ್ ಆರಿಸಿದೆ — ಗಡಸೂ ಅಲ್ಲ, ಮೆದುವೂ ಅಲ್ಲ, ತೀರಾ ಬೇಕಾದಾಗ ಮಾತ್ರ ಬಾಗುವಂಥದ್ದು. ಅದಕ್ಕೆ ಒಗ್ಗುವ ರೀಲ್ ಮಾತ್ರ ಇನ್ನೂ ಸಿಕ್ಕಿಲ್ಲ. ಒಂದು ಭಾರ, ಒಂದು ಹಗುರ, ಒಂದು ಗರಗರ ಅನ್ನುತ್ತದೆ.

ಇವತ್ತು ಮೈದಾನದಲ್ಲಿ ಎಸೆಯುತ್ತಿದ್ದಾಗ ಬೇಲಿಯಾಚೆ ಒಂದು ತಲೆ. ನೋಡಿದರೂ ನೋಡದವಳಂತೆ ಎಸೆದೆ. ಒಂದೊಂದೇ ಕೋನ್ ಬಿತ್ತು. ತಲೆ ಬೇಲಿಯನ್ನು ಸುತ್ತಿಕೊಂಡು ಒಳಗೆ ಬಂತು.

“ಮೊಣಕೈ ಸ್ವಲ್ಪ ಒಳಗೆ ಇಟ್ಕೋ.”

“ಶಿಷ್ಯರು ಪಾಠದ ಮಧ್ಯೆ ಮಾತಾಡಬಾರದು” ಅಂದೆ.

ನಗಲಿಲ್ಲ. ನನ್ನ ರಾಡನ್ನು ತೆಗೆದುಕೊಂಡು ಬೆರಳ ಮೇಲೆ ಇಟ್ಟು ನೋಡಿದರು. “ಮೂತಿ ಭಾರ ಇದೆ” ಅಂದರು. ನನಗೂ ಗೊತ್ತು ಅಂದೆ. ಬಹಳ ಹೊತ್ತು ಅಲ್ಲೇ ನಿಂತು, ಬಿದ್ದ ಕೋನ್‌ಗಳನ್ನು ಎತ್ತಿ ನಿಲ್ಲಿಸುತ್ತಿದ್ದರು. ಮೊಣಕೈ ಒಳಗಿಟ್ಟರೆ ಚೆನ್ನಾಗಿ ಹೋಗುತ್ತದೆ ಅನ್ನುವುದು ನಿಜ. ಅದನ್ನು ಇವರಿಗೆ ಹೇಳುವುದಿಲ್ಲ.

ಮೇ 17, ಶನಿವಾರ, ಸಂಜೆ

ನಾಳೆ ಬೆಳಿಗ್ಗೆ ಸ್ಪರ್ಧೆ.

ಇವರು ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಓಟದ ರೀಲ್. ಗಂಟಲು ಸರಿಮಾಡಿಕೊಂಡರು. ಗ್ಯಾಸ್ ಸಣ್ಣಗೆ ಮಾಡಿದೆ, ಏನೋ ಬರುತ್ತಿದೆ ಅಂತ ಗೊತ್ತಾಯಿತು.

“ನಾಳೆ ನನ್ನ ದೋಣಿಗೆ ಬಾ. ಕತ್ತರಿ ಹತ್ರ ಮಾತಾಡಿದೀನಿ, ಅವನು ಗಾಳದಕ್ಕನ ಜೊತೆ ಹೋಗ್ತಾನಂತೆ. ಗಾಳಿ ತಗೊಳ್ಳೋಕಲ್ಲ ಕಣೇ. ಗೆಲ್ಲೋಕೆ.”

ಇದು. ಇದೇ. ಹೀಗೆಯೇ ಬರಬೇಕಿತ್ತು. ಹೂಂ ಅನ್ನಲು ಬಾಯಿ ತೆರೆದೆ, ಗಾಳದಕ್ಕನ ಮುಖ ಕಣ್ಣ ಮುಂದೆ ಬಂತು. ದೋಣಿಗೆ ಕರೆದವರು ಒಬ್ಬರೂ ಇಲ್ಲ ಅಂದವಳು. ಎರಡೂ ಕೈಗೆ ಬಣ್ಣ ಮಾಡಿಕೊಂಡು ದೋಣಿಯ ಮೇಲೆ ನನ್ನ ಅಡ್ಡಹೆಸರು ಬರೆದವಳು — ‘ಬ್ರೇಕ್ ಆಂಟಿ’.

“ಈ ಸಲ ಆಗಲ್ಲ ರೀ. ಮಾತು ಕೊಟ್ಟಿದೀನಿ.”

ಇವರು ತಲೆಯಾಡಿಸಿದರು. ಮುಖ ಸ್ವಲ್ಪ ಸಣ್ಣದಾಯಿತು. ಪಾಪ, ಯಾರೂ ಕರೆಯದೆ ಇರುವುದು ಹೇಗಿರುತ್ತದೆ ಅಂತ ನನಗೆ ಗೊತ್ತು, ಬೇಡ ಅನ್ನಿಸಿಕೊಳ್ಳುವುದು ಹೇಗಿರುತ್ತದೆ ಅಂತ ಇವರಿಗೆ ಇವತ್ತು ಗೊತ್ತಾಯಿತು. ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ನನ್ನ ರಾಡ್ ತಂದು, ಅದರ ಬೆನ್ನಿಗೆ ಆ ರೀಲನ್ನು ಕೂರಿಸಿ, ಬಿಗಿದು, ಬೆರಳ ಮೇಲೆ ಇಟ್ಟರು. ಆಚೆ ಬಾಗಲಿಲ್ಲ, ಈಚೆ ಬಾಗಲಿಲ್ಲ.

“ಅವತ್ತು ಮೈದಾನದಲ್ಲೇ ಅನ್ಕೊಂಡೆ, ಇದಕ್ಕೆ ಇದೇ ಅಂತ. ಇಟ್ಕೋ.”

“ನೀವು?”

“ನಿಧಾನದ್ದಿದೆಯಲ್ಲ. ಮರದ ಮೀನು ಎಳೀತೀನಿ.”

ಸಾರು ಉಕ್ಕಿತು. ಇಬ್ಬರೂ ನೋಡಲಿಲ್ಲ.

ಮೇ 18, ಭಾನುವಾರ, ರಾತ್ರಿ ಊಟದ ಮುಂಚೆ

ಅವಸರದಲ್ಲಿ ಅಕ್ಷರ ಕೋಳಿಕಾಲು. ಇರಲಿ.

ಮಧ್ಯಾಹ್ನದವರೆಗೆ ಏನೂ ಇಲ್ಲ. ಜೊಂಡಿನ ಅಂಚಿನಲ್ಲಿ ಹುಳು ಇಳಿಸುವುದು, ಎತ್ತುವುದು. ಇವರ ದೋಣಿ ಕೂಗಿದರೆ ಕೇಳುವಷ್ಟು ದೂರದಲ್ಲಿತ್ತು. ಬೇಕೆಂದೇ ಇತ್ತು, ನನಗೇನು ಗೊತ್ತಾಗುವುದಿಲ್ಲವೇ?

ಆಮೇಲೆ ಟಕ್ — ಬೆರಳಿಗೆ ಸಣ್ಣಗೆ ತಟ್ಟಿತು, ಯಾರೋ ಬಾಗಿಲು ತಟ್ಟಿದ ಹಾಗೆ. ಎಳೆದೆ. ರಾಡ್ ಬಾಗಿತು. ಮರುಕ್ಷಣ ಸಡಿಲ! ಮೀನು ನನ್ನ ಕಡೆಗೇ ನುಗ್ಗುತ್ತಿದೆ. ಗಾಳದಕ್ಕ “ಆಂಟೀ!” ಅಂದಳು. ಅವಳಿಗಿಂತ ಜೋರಾಗಿ ಆಚೆ ದೋಣಿಯಿಂದ ಇವರ ಕೂಗು — “ತಿರುಗಿಸೇ! ತಿರುಗಿಸು! ತುದಿ ಮೇಲೆ! ನಿಲ್ಲಿಸ್ಬೇಡ!” ಕತ್ತರಿ ಇವರ ಅಂಗಿ ಹಿಡಿದು ಜಗ್ಗುತ್ತಿದ್ದ. “ರೀ ಸ್ವಾಮಿ, ನೀವು ಯಾವ ದೋಣಿ ಕಡೆ?”

ತಿರುಗಿಸಿದೆ. ಕಾರಿಡಾರಿನಲ್ಲಿ ಇವರು ತಿರುಗಿಸಿದ ಹಾಗೇ. ದಾರ ಬಿಗಿಯಿತು. ಮೀನು ಹಾರಿತು, ತಲೆ ಕೊಡವಿತು, ಗಾಳ ಬಿಡಲಿಲ್ಲ. ಗಾಳದಕ್ಕನ ಬಲೆ ಸರಿಯಾದ ಜಾಗದಲ್ಲಿತ್ತು.

ಹಸಿರು ಬೆನ್ನು, ದೊಡ್ಡ ಬಾಯಿ, ಮಹಾ ಸಿಟ್ಟಿನ ಮುಖ. ತೂಕ ಮಾಡಿ ಮತ್ತೆ ನೀರಿಗೆ ಬಿಡುವುದು ನಿಯಮ. ಬಿಡುವಾಗ ಬಾಲದಿಂದ ನನ್ನ ಕನ್ನಡಕಕ್ಕೆ ನೀರು ಎರಚಿ ಹೋಯಿತು.

ನಾವು ಮೂರನೆಯವರು. ಇವರು, ಕತ್ತರಿ — ನಾಲ್ಕನೆಯವರು. ಬೇಸರವಾಯಿತಾ ಅಂತ ಕೇಳಿದೆ. ಕೇಳಿಸಿಕೊಳ್ಳಲೇ ಇಲ್ಲ. ಕ್ಲಬ್ಬಿನ ಮೆಟ್ಟಿಲ ಮೇಲೆ ಸಿಕ್ಕಸಿಕ್ಕವರಿಗೆಲ್ಲ ನನ್ನ ಮೀನಿನ ಕಥೆ ಹೇಳುತ್ತಿದ್ದರು. ಒಬ್ಬೊಬ್ಬರಿಗೆ ಹೇಳುವಾಗಲೂ ಎರಡು ಕೈಗಳ ನಡುವಿನ ಅಂತರ ಹೆಚ್ಚುತ್ತಿತ್ತು. ಈಗ ಮಗಳ ಜೊತೆ ಫೋನಿನಲ್ಲಿದ್ದಾರೆ. ಮೀನು ಈಗ ದೋಣಿಗಿಂತ ದೊಡ್ಡದಾಗಿದೆ.

ಮೇ 25, ಭಾನುವಾರ, ಬೆಳಿಗ್ಗೆ

ಸ್ಪರ್ಧೆ ಇಲ್ಲ, ಏನೂ ಇಲ್ಲ. ಎದ್ದು ನೋಡಿದರೆ ಬಾಗಿಲ ಹಿಂದೆ ರಾಡ್‌ಗಳಿಲ್ಲ. ಕಿಟಕಿಯಿಂದ ಬಗ್ಗಿದೆ. ಕೆಳಗೆ ಇವರು ಕಾರಿನ ಮೇಲೆ ದೋಣಿಯ ಹುಟ್ಟು ಕಟ್ಟುತ್ತಿದ್ದಾರೆ. ಹಿಂದಿನ ಸೀಟಿನಲ್ಲಿ ಎರಡು ರಾಡ್ — ಒಂದು ಇವರದ್ದು, ಒಂದು ನನ್ನದು. ಎರಡಕ್ಕೂ ರೀಲ್ ಹಾಕಿಯಾಗಿದೆ. ಕತ್ತರಿ ಎಲ್ಲಿ ಅಂತ ಕೂಗಿ ಕೇಳಿದೆ, ರಜೆ ಕೊಟ್ಟಿದ್ದಾರಂತೆ.

ನೀನು ಬರ್ತೀಯಾ ಅಂತ ಕೇಳಿಲ್ಲ. ನಿನ್ನೆಯೂ ಕೇಳಿಲ್ಲ, ಇವತ್ತೂ ಕೇಳಿಲ್ಲ. ಮೊದಲಾಗಿದ್ದರೆ ಮನೆ ಎರಡಾಗುತ್ತಿತ್ತು. ಈಗ ನೋಡಿದರೆ... ಕೇಳುವ ಮಾತೇ ಅಲ್ಲವಂತೆ ಅದು. ನಾನು ಬರುತ್ತೇನೆ ಅಂತ ಇವರಿಗೆ ಗೊತ್ತಂತೆ. ಇಂಥ ಖುಷಿಯೂ ಒಂದಿರುತ್ತದೆ ಅಂತ ನನಗೇ ಗೊತ್ತಿರಲಿಲ್ಲ.

ಈಗ ಕಾರೊಳಗೆ ಕೂತು, ಪಕ್ಕದ ಸೀಟಿನಿಂದ ಕೈ ಚಾಚಿ ಹಾರ್ನ್ ಒತ್ತುತ್ತಿದ್ದಾರೆ. ಬೀದಿಯೆಲ್ಲ ಏಳುತ್ತದೆ. ಕಾರಿನ ಬೀಗ ತೆಗೆದು ಕೀಲಿಯನ್ನು ಮತ್ತೆ ನನ್ನ ಮೇಜಿನ ಮೇಲೆ ಇಟ್ಟಿದ್ದಾರೆ, ಓಡಿಸುವವಳು ನಾನು. ಒಂದೆರಡು ಸಾಲು ಬರೆಯುತ್ತ ಇನ್ನೂ ಸ್ವಲ್ಪ ಸತಾಯಿಸೋಣ ಅಂದರೆ, ಅಗೋ ಮತ್ತೆ — ಬಂದೆ ರೀ, ಬಂ